ಅಮ್ಮನ ಮಂಡಿನೋವಿಗೆ ದಿನಾ ಪೇಯ್ನ್ ಕಿಲ್ಲರ್: ಎಷ್ಟು ದಿನ ಅಂತ ನುಂಗೋದು?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ತಿಪಟೂರು ಹತ್ತಿರ ಊರಲ್ಲಿದ್ದಾರೆ, ನಾನಿರೋದು ಬೆಂಗಳೂರಲ್ಲಿ. ಎರಡೂ ಮಂಡಿ ಸವೆದಿದೆ ಅಂತ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿ ಎರಡು ವರ್ಷ ಆಯ್ತು. ಆಗ ಹತ್ತು ದಿನಕ್ಕೆ ಅಂತ ಬರೆದುಕೊಟ್ಟ ಮಾತ್ರೆ ಇವತ್ತಿಗೂ ನಡೀತಿದೆ. ಖಾಲಿ ಸ್ಟ್ರಿಪ್ ಹಿಡ್ಕೊಂಡು ಯಾರಾದ್ರೂ ಪೇಟೆಗೆ ಹೋಗ್ತಾರೆ, ಮೆಡಿಕಲ್ ಸ್ಟೋರ್‌ನಲ್ಲಿ "ಇದೇ ತಾನೇ" ಅಂತ ಕೊಟ್ಟು ಕಳಿಸ್ತಾರೆ. ಹಿಂದುಗಡೆ ಅಸಿಕ್ಲೋಫೆನಾಕ್ 100, ಪ್ಯಾರಸಿಟಮಾಲ್ 325 ಅಂತಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ತೋಟದ ಕೆಲಸ ಜಾಸ್ತಿ ಇದ್ದ ದಿನ ಮಧ್ಯಾಹ್ನ ಇನ್ನೊಂದು. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿಸಿರೋ ಮಾತ್ರೆ ಬೇರೆ.

ಈ ಸಲ ಹೋದಾಗ ನೋಡ್ತೀನಿ, ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಪಟ್ಟಿಯ ಗುರುತು ಹಾಗೇ ಕೂತಿದೆ. ಬಿಪಿ 160ರ ಮೇಲೆ. ಕೇಳಿದ್ರೆ "ಹೊಟ್ಟೆತುಂಬ ಉಂಡು ತಗೊಳ್ತೀನಿ, ಏನಾಗುತ್ತೆ?" ಅಂತಾರೆ. ನಿಲ್ಲಿಸಿದ್ರೆ ಬಚ್ಚಲಿಗೂ ಗೋಡೆ ಹಿಡಿದು ಹೋಗಬೇಕು. ಏನು ಮಾಡೋದು? ಮುಲಾಮು ಗಿಲಾಮು ಕೆಲಸ ಮಾಡುತ್ತಾ? ಅನುಭವ ಇರೋರು ಹೇಳಿ.

ಬಿಸಿಬೇಳೆ:
ಮೊದಲು ಕ್ರಿಯಾಟಿನೈನ್ ಮಾಡ್ಸಿ (ಕಿಡ್ನಿ ಸರಿಯಾಗಿ ಸೋಸ್ತಿದೆಯಾ ಅಂತ ನೋಡೋ ರಕ್ತ ಪರೀಕ್ಷೆ, ಅಂಕಿ ಏರಿದಷ್ಟೂ ಕಿಡ್ನಿ ಸೋತಿದೆ ಅಂತ). ಉಳಿದ ಮಾತು ಆಮೇಲೆ.

ಮೈಸೂರು_ಮೆಡಿಕಲ್ಸ್:
ನಾನು ಔಷಧಿ ಅಂಗಡಿ ನಡೆಸೋನು, ಡಾಕ್ಟರಲ್ಲ. ಆದ್ರೂ ಇದನ್ನ ಓದಿ ಸುಮ್ಮನಿರೋಕೆ ಆಗಲಿಲ್ಲ.

ಮೊದಲನೇದು, ಅಸಿಕ್ಲೋಫೆನಾಕ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು. ಅಂದ್ರೆ ಆ ಮಧ್ಯಾಹ್ನದ ಮಾತ್ರೆ ಯಾವ ಲೆಕ್ಕದಲ್ಲೂ ಇಲ್ಲ.

ಎರಡನೇದು ಇನ್ನೂ ಮುಖ್ಯ. ಈ ಜಾತಿಯ ಮಾತ್ರೆಗಳೆಲ್ಲ (ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಎಟೋರಿಕಾಕ್ಸಿಬ್, ಎಲ್ಲಾ) ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗೋದನ್ನ ತಡೀತವೆ. ಕೀಲಿನಲ್ಲಿ ಊತ, ನೋವು ಮಾಡೋದೂ ಅದೇ, ಮೂತ್ರಪಿಂಡದ ಒಳಗೆ ಹೋಗೋ ರಕ್ತನಾಳವನ್ನ ಅಗಲವಾಗಿ ಇಡೋದೂ ಅದೇ. ಮಾತ್ರೆ ನುಂಗಿದ್ರೆ ಆ ನಾಳ ಕಿರಿದಾಗುತ್ತೆ. ಟೆಲ್ಮಿಸಾರ್ಟನ್ ಏನು ಮಾಡುತ್ತೆ? ಹೊರಗೆ ಬರೋ ನಾಳವನ್ನ ಸಡಿಲ ಮಾಡುತ್ತೆ. ಥಯಜೈಡ್ ಮೈಯ ನೀರನ್ನೇ ಮೂತ್ರವಾಗಿ ಹೊರಹಾಕುತ್ತೆ. ಒಳಗೆ ಬರೋದು ಕಮ್ಮಿ, ಒತ್ತಡ ಕಮ್ಮಿ, ನೀರೂ ಕಮ್ಮಿ. ಸೋಸೋ ಕೆಲಸ ಎಲ್ಲಿಂದ ಆಗಬೇಕು? ಮೂರೂ ಒಟ್ಟಿಗೆ ಬಿದ್ದಾಗ ಕಿಡ್ನಿಗೆ ಪೆಟ್ಟು ಬೀಳೋ ಸಾಧ್ಯತೆ ಜಾಸ್ತಿ ಅನ್ನೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಆದ್ರೆ ಬಿಪಿ ಮಾತ್ರೆ ಬರೆದ ಡಾಕ್ಟರು ಒಬ್ರು, ಮಂಡಿ ಮಾತ್ರೆ ಬರೆದವರು ಇನ್ನೊಬ್ರು.

ಪಾದದ ಊತ, ಬಿಪಿ ಏರಿದ್ದು, ಎರಡಕ್ಕೂ ಈ ಮಾತ್ರೆ ಕಾರಣ ಇರಬಹುದು. ಉಪ್ಪು, ನೀರು ಮೈಯಲ್ಲೇ ನಿಲ್ಲೋ ಹಾಗೆ ಮಾಡುತ್ತೆ, ಬಿಪಿ ಮಾತ್ರೆಯ ಕೆಲಸಕ್ಕೂ ಅಡ್ಡ ಬರುತ್ತೆ. ಹೃದಯದ ತೊಂದರೆಗೂ ಕಾಲು ಊದುತ್ತೆ, ಹಾಗಾಗಿ ನಾವು ನಾವೇ ತೀರ್ಮಾನ ಮಾಡೋದು ಬೇಡ. ಈ ವಾರವೇ ತೋರಿಸಿ. ಹೋಗುವಾಗ ಮನೇಲಿರೋ ಅಷ್ಟೂ ಸ್ಟ್ರಿಪ್ ಒಂದು ಕವರಿಗೆ ಹಾಕ್ಕೊಂಡು ಹೋಗಿ.

ಗುಡುಗು_ಮಳೆ:
ಭಾಷಣ ಚೆನ್ನಾಗಿದೆ ಸಾರ್. ಆದ್ರೆ ಚೀಟಿ ಇಲ್ದೆ ಎರಡು ವರ್ಷ ಸ್ಟ್ರಿಪ್ ಕೊಟ್ಟಿದ್ದು ಯಾರು? ನಿಮ್ಮಂಥ ಅಂಗಡಿಯವರೇ ತಾನೇ?

ಮೈಸೂರು_ಮೆಡಿಕಲ್ಸ್:
ಹೌದು. ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ದೆ ಕೊಡೋ ಹಾಗಿಲ್ಲ ಅಂತ ಸ್ಟ್ರಿಪ್ ಮೇಲೇ ಕೆಂಪು ಗೆರೆ ಪಕ್ಕ ಅಚ್ಚಾಗಿರುತ್ತೆ. ನಾನು ಕೊಡಲ್ಲ ಅಂದ್ರೆ ಎದುರು ಅಂಗಡಿಗೆ ಹೋಗ್ತಾರೆ, ಹೋಗುವಾಗ ಎರಡು ಬೈದು ಹೋಗ್ತಾರೆ. ಸಮರ್ಥನೆ ಅಲ್ಲ, ದಿನಾ ಕೌಂಟರ್‌ನಲ್ಲಿ ನಡೆಯೋದನ್ನ ಹೇಳ್ತಿದ್ದೀನಿ.

ಸಪ್ತಾಪುರದ_ಮಂದಿ:
ನಮ್ಮಪ್ಪಾರಿಗೂ ಹಿಂಗ ಆಗಿತ್ರಿ. ಕಾಲ ಊದಿದ್ದು ನೋಡಿ ನಾವು ವಯಸ್ಸಿಂದ ಅಂತ ಬಿಟ್ವಿ. ಬ್ಯಾಸಗಿಯೊಳಗ ವಾಂತಿ ಭೇದಿ ಆತು, ಒಂದೂ ಗುಳಿಗಿ ತಪ್ಪಿಸಲಿಲ್ಲ ನಮ್ಮಪ್ಪ, ಶಿಸ್ತಿನ ಮನಷ್ಯಾ. ದವಾಖಾನಿಗೆ ಒಯ್ಯೂದ್ರಾಗ ಕ್ರಿಯಾಟಿನೈನ್ 4ರ ಮ್ಯಾಲೆ. ಪುಣ್ಯಾಕ ಸಲೈನ್ ಹಚ್ಚಿ, ನೋವಿನ ಗುಳಿಗಿ ಬಂದ್ ಮಾಡಿದ ಮ್ಯಾಲೆ ಇಳೀತು. ಡಾಕ್ಟರ್ ಹೇಳಿದ್ದು ಒಂದ ಮಾತು: ವಾಂತಿ ಭೇದಿ ಆದಾಗ, ಊಟ ನೀರು ಹೋಗದಿದ್ದಾಗ ನೋವಿನ ಗುಳಿಗಿ ಮುಟ್ಟಬ್ಯಾಡ್ರಿ, ಬಿಪಿ ಗುಳಿಗಿ ಏನ್ ಮಾಡಬೇಕು ಅಂತ ಫೋನ್ ಮಾಡಿ ಕೇಳ್ರಿ.

ಕುಂಬಳಕಾಯಿ:
ಎಲ್ಲರೂ ಸೇರಿ ಹೆದರಿಸ್ತಾ ಇದ್ದೀರ. ನಮ್ಮಜ್ಜಿ 15 ವರ್ಷ ದಿನಾ ಒಂದು ಬ್ರೂಫೆನ್ ನುಂಗ್ತಿದ್ರು, 88ಕ್ಕೆ ಹೋದ್ರು, ಕಿಡ್ನಿ ಗಟ್ಟಿಯಾಗೇ ಇತ್ತು.

ಬಿಸಿಬೇಳೆ:
ಹೆಲ್ಮೆಟ್ ಇಲ್ದೆ 40 ವರ್ಷ ಗಾಡಿ ಓಡಿಸಿದ ಮಾವ ನನಗೂ ಒಬ್ರಿದ್ದಾರೆ.

ಕುಂಬಳಕಾಯಿ:
😂 ಸರಿ ಸರಿ. ಆದ್ರೂ ನೋವು ತಡಕೊಂಡು ಮೂಲೇಲಿ ಕೂತ್ಕೊಳ್ಳಿ ಅಂತ ಮುದುಕರಿಗೆ ಹೇಳೋದೂ ನ್ಯಾಯ ಅಲ್ಲ.

ಬಿಳಿಕೋಟು_ಸಿಸ್ಟರ್:
ಕುಂಬಳಕಾಯಿಯವರ ಈ ಕಡೇ ಮಾತು ನಿಜ. 30 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿ ಆಗಿದ್ದೀನಿ. ನೋವಿಗೆ ಹೆದರಿ ಓಡಾಟ ನಿಲ್ಲಿಸಿದವರ ತೊಡೆ ಆರೇ ತಿಂಗಳಲ್ಲಿ ಬತ್ತಿ ಹೋಗಿರುತ್ತೆ, ಆಮೇಲೆ ಮಂಡಿ ಮೇಲೆ ಇನ್ನೂ ಭಾರ. ಮಾತ್ರೆ ವಿಷ ಅಲ್ಲ. ಕಮ್ಮಿ ಪ್ರಮಾಣದಲ್ಲಿ, ಕಮ್ಮಿ ದಿನ, ಯಾರಿಗೆ ಆಗಿಬರುತ್ತೋ ಅವರಿಗೆ. ನೋವು ಕೆರಳಿದಾಗ ಐದಾರು ದಿನ ತಗೊಂಡು ನಿಲ್ಲಿಸೋದು ಬೇರೆ, ಕಾಫಿ ಥರ ದಿನಾ ಎರಡು ಹೊತ್ತು ಬೇರೆ.

"ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನೋದು ನಾನು ಅತಿ ಹೆಚ್ಚು ಕೇಳಿರೋ ಮಾತು. ಉಂಡು ತಗೊಂಡ್ರೆ ಹೊಟ್ಟೆ ಉರಿ ಕಮ್ಮಿ ಅನ್ನಿಸಬಹುದು, ಅಷ್ಟೇ. ಜಠರದ ಒಳಪದರಕ್ಕೆ ರಕ್ಷಣೆ ಕೊಡೋದೂ ಆ ಪ್ರೋಸ್ಟಾಗ್ಲಾಂಡಿನ್ನೇ. ಮಾತ್ರೆ ರಕ್ತಕ್ಕೆ ಸೇರಿದ ಮೇಲೆ ಅದು ತಯಾರಾಗೋದು ಕಮ್ಮಿ ಆಗುತ್ತೆ, ನೀವು ಮುದ್ದೆ ಉಂಡಿರಿ, ಉಪವಾಸ ಇರಿ. ಅದಕ್ಕೇ "ಮಾತ್ರೆ ಹೊಟ್ಟೆಗೆ ಆಗಲ್ಲ, ಇಂಜೆಕ್ಷನ್ ಕೊಡಿ" ಅನ್ನೋದೂ ತಪ್ಪು ಲೆಕ್ಕ. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಕೂಡ ಹುಣ್ಣು ಮಾಡಬಲ್ಲದು.

ಎಷ್ಟೋ ಜನರಿಗೆ ಮುನ್ಸೂಚನೆಯೇ ಇರಲ್ಲ. ಒಂದೇ ಸಲ ರಸ್ತೆಗೆ ಹಾಕೋ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತದ ಮಲ. ಅದು ಹೊಟ್ಟೆಯ ಒಳಗಿನ ರಕ್ತಸ್ರಾವ. ನಾಳೆ ನೋಡೋಣ ಅನ್ನಬಾರದು, ಆವತ್ತೇ ಆಸ್ಪತ್ರೆಗೆ. (ಕಬ್ಬಿಣದ ಮಾತ್ರೆ ತಗೊಳ್ಳೋರಿಗೂ ಮಲ ಕಪ್ಪಗಾಗುತ್ತೆ. ಆದ್ರೂ ಅನುಮಾನ ಬಂದ್ರೆ ತೋರಿಸೋದೇ ವಾಸಿ.)

ತೆಂಗಿನತೋಟ:
ಸಿಸ್ಟರ್, ಅಮ್ಮ ಅದರ ಜೊತೆ ಗ್ಯಾಸಿನ ಮಾತ್ರೆ ತಗೊಳ್ತಾರೆ. ಅದು ಸಾಕಾಗಲ್ವಾ?

ಬಿಳಿಕೋಟು_ಸಿಸ್ಟರ್:
ಯಾವ ಮಾತ್ರೆ ಅನ್ನೋದರ ಮೇಲೆ ನಿಂತಿದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯದಾದ್ರೆ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಂಡ್ರೆ ಜಠರಕ್ಕೆ ಒಳ್ಳೇ ರಕ್ಷಣೆ. ಬಣ್ಣದ ಸಿರಪ್ಪು, ಚೀಪೋ ಮಾತ್ರೆ ಉರಿ ಮುಚ್ಚಿಡುತ್ತೆ ಅಷ್ಟೇ, ಹುಣ್ಣು ತಡೆಯಲ್ಲ. ಯಾವುದಾದ್ರೂ ಸರಿ, ಅದು ಕಾಯೋದು ಹೊಟ್ಟೆಯನ್ನ. ಕಿಡ್ನಿಗೂ ಹೃದಯಕ್ಕೂ ಅದರಿಂದ ಏನೂ ಉಪಯೋಗ ಇಲ್ಲ.

ನೇತ್ರಾವತಿ_ತೀರ:
ಇದಕ್ಕೆಲ್ಲ ಯಾಕೆ ಇಷ್ಟು ತಲೆಬಿಸಿ ಮಾರಾಯ್ರೆ? ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಡಿ, ಎಣ್ಣೆ ಹಚ್ಚಿ ಬಿಸಿನೀರು ಹಾಕಿ. ನಮ್ಮಲ್ಲಿ ಹಿಂದಿನವರೆಲ್ಲ ಅದರಲ್ಲೇ ಗುಣ ಆದದ್ದು. ಇಂಗ್ಲಿಷ್ ಮದ್ದು ಅಂದ್ರೆ ಒಂದು ಕಡೆ ರಿಪೇರಿ, ನಾಲ್ಕು ಕಡೆ ಹಾಳು.

ಗುಡುಗು_ಮಳೆ:
ಹಿಂದಿನವರು ಗುಣ ಆಗಲಿಲ್ಲ, ಕೋಲು ಹಿಡಿದ್ರು.

ನೇತ್ರಾವತಿ_ತೀರ:
ನಿಮಗೆ ಎಲ್ಲದಕ್ಕೂ ಒಂದು ಕೊಂಕು ಉಂಟು.

ಬಿಳಿಕೋಟು_ಸಿಸ್ಟರ್:
ಜಗಳ ಬೇಡ. ಲಕ್ಕಿ ಸೊಪ್ಪಿನ ಶಾಖದಿಂದ ಯಾರ ಕಿಡ್ನಿಯೂ ಹೋಗಿಲ್ಲ, ಮಾಡ್ಲಿ. ಸವೆತಕ್ಕೆ ಬಿಸಿ ಶಾಖ ಹಿತವೇ. ಶುಗರ್ ಇರೋರು ಮಾತ್ರ ಬಿಸಿಯನ್ನ ಬೇರೆಯವರ ಕೈಲಿ ಮುಟ್ಟಿಸಿ ನೋಡಿ, ಅವರಿಗೆ ಚರ್ಮ ಸುಟ್ಟಿದ್ದೂ ಗೊತ್ತಾಗಲ್ಲ. ನನಗೆ ಭಯ ಇರೋದು ಸೊಪ್ಪಿನ ಮೇಲಲ್ಲ, ಹೆಸರೇ ಇಲ್ಲದ ಪುಡಿಯ ಮೇಲೆ.

ಹಾಸನದ_ಆಲೂ:
ಪುಡಿ ಅಂದ್ರಲ್ಲ, ಕೇಳಿ. ನಮ್ಮ ಚಿಕ್ಕಪ್ಪ ಒಬ್ಬ ನಾಟಿ ವೈದ್ಯರ ಹತ್ತಿರ ಕಾಗದದ ಪೊಟ್ಟಣದಲ್ಲಿ ಪುಡಿ ತರ್ತಿದ್ರು. ಮೂರೇ ದಿನಕ್ಕೆ ಗದ್ದೆ ಬದುವಿನ ಮೇಲೆ ಓಡಾಡೋಕೆ ಶುರು ಮಾಡಿದ್ರು, ಊರಿಗೆಲ್ಲ ಅದೇ ಪ್ರಚಾರ. ಕೆಲವು ತಿಂಗಳಿಗೆ ಮುಖ ಗುಂಡಗೆ ಉಬ್ಬಿತು, ಕೈ ಮುಟ್ಟಿದ್ರೆ ನೀಲಿ ಕಲೆ, ಇಲ್ಲದ ಶುಗರ್ ಬಂತು. ದೊಡ್ಡಾಸ್ಪತ್ರೆಯಲ್ಲಿ ನೋಡಿದ ತಕ್ಷಣ ಅಂದ್ರಂತೆ, ಪುಡೀಲಿ ಸ್ಟೀರಾಯ್ಡ್ ಇದೆ ಅಂತ.

ಮೈಸೂರು_ಮೆಡಿಕಲ್ಸ್:
ಎರಡು ಮೂರು ದಿನದಲ್ಲಿ ಪವಾಡ ಆದ್ರೆ ಅನುಮಾನ ಪಡಬೇಕು. ಆದ್ರೆ ಗಾಬರಿ ಬಿದ್ದು ಪುಡೀನ ಒಂದೇ ಸಲ ನಿಲ್ಲಿಸೋದೂ ಅಪಾಯ. ತಿಂಗಳುಗಟ್ಟಲೆ ಹೊರಗಿಂದ ಸ್ಟೀರಾಯ್ಡ್ ಬಂದ್ರೆ ಮೈ ತನ್ನದನ್ನ ತಯಾರಿಸೋದು ಮರೆತಿರುತ್ತೆ. ತಟ್ಟನೆ ನಿಂತ್ರೆ ಬಿಪಿ ಕುಸಿದು ಬಿದ್ದು ಹೋಗಬಹುದು. ಡಾಕ್ಟರಿಗೆ ಪೊಟ್ಟಣ ತೋರಿಸಿ, ಅವರು ಹಂತ ಹಂತವಾಗಿ ಇಳಿಸ್ತಾರೆ.

ರಣಹದ್ದು_ಪ್ರೇಮಿ:
ಡೈಕ್ಲೋಫೆನಾಕ್ ಅಂದ ತಕ್ಷಣ ನಾನು ಬರಲೇಬೇಕು, ಕ್ಷಮಿಸಿ. ದನಗಳಿಗೆ ನೋವಿಗೆ ಅಂತ ಕೊಡ್ತಿದ್ದ ಇದೇ ಔಷಧಿ ನಮ್ಮ ದೇಶದ ರಣಹದ್ದುಗಳನ್ನ ಹೆಚ್ಚುಕಮ್ಮಿ ಮುಗಿಸಿಬಿಡ್ತು. ಸತ್ತ ದನದ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಪಶುಗಳಿಗೆ ಅಂತ ತಯಾರಿಸೋದನ್ನ ನಿಷೇಧಿಸಿದ್ರು. ಆಮೇಲೂ ಜನ ಮನುಷ್ಯರ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ತಿದ್ರು ಅಂತ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ 3 ಮಿಲಿಯ ಸೀಸೆಗೆ ಇಳಿಸಿದ್ರು. 2023ರಲ್ಲಿ ದನಗಳಿಗೆ ಅಸಿಕ್ಲೋಫೆನಾಕ್ ಕೂಡ ಬಂದ್, ಅದು ದನದ ಮೈಯಲ್ಲಿ ಡೈಕ್ಲೋಫೆನಾಕೇ ಆಗಿ ಬದಲಾಗುತ್ತೆ. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರೋ ಹದ್ದುಗಳನ್ನ ಬೆರಳಲ್ಲಿ ಎಣಿಸಬೇಕು.

ಬಿಸಿಬೇಳೆ:
ಮಂಡಿಯಿಂದ ಹದ್ದಿಗೆ ಹಾರಿದ್ವಿ. ಇದೇ ನೋಡಿ ನಮ್ಮ ವೇದಿಕೆ.

ಕುಂಬಳಕಾಯಿ:
ಹದ್ದಿನ ಕಿಡ್ನಿ ಬೇರೆ, ಮನುಷ್ಯರದ್ದು ಬೇರೆ ಅಂತ ಯಾರಾದ್ರೂ ಹೇಳ್ರಪ್ಪ, ಇಲ್ಲಾಂದ್ರೆ ಇನ್ನೊಂದಿಷ್ಟು ಜನ ಹೆದರಿಕೊಳ್ತಾರೆ.

ರಣಹದ್ದು_ಪ್ರೇಮಿ:
ಬೇರೇನೇ. ಹದ್ದಿಗೆ ಒಂದು ಹೊತ್ತಿನ ಊಟದಲ್ಲಿ ಸಿಗೋ ಅಷ್ಟೇ ಸಾಕು ಸಾಯೋಕೆ. ನಮಗೆ ಹಾಗಿಲ್ಲ.

ಲೀಡ್ಸ್_ಕನ್ನಡಿತಿ:
ನಾನು ಇಂಗ್ಲೆಂಡಲ್ಲಿದ್ದೀನಿ. ಅತ್ತೆ ಬಂದಿದ್ದಾಗ ಮಂಡಿ ತೋರಿಸಿದ್ವಿ. ಡಾಕ್ಟರು ಮೊದಲು ಕೊಟ್ಟಿದ್ದೇ ಜೆಲ್, ಜೊತೆಗೆ ವ್ಯಾಯಾಮದ ಹಾಳೆ. ಅತ್ತೆಗೆ ಭಾರೀ ನಿರಾಸೆ, "ಇಷ್ಟು ದೂರ ಬಂದು ಮುಲಾಮಾ?" ಅಂತ. ಇಲ್ಲಿನ 2022ರ ಮಾರ್ಗಸೂಚಿ ಪ್ರಕಾರ ಮಂಡಿ ಸವೆತಕ್ಕೆ ಮೊದಲು ಹಚ್ಚೋ ಔಷಧಿ. ಅದು ಸಾಲದಿದ್ರೆ ಮಾತ್ರೆ, ಅದೂ ಹೊಟ್ಟೆ ಕಾಯೋ ಮಾತ್ರೆ ಜೊತೆಗೆ, ಆದಷ್ಟು ಕಮ್ಮಿ ದಿನ. ಗ್ಲೂಕೋಸಮೈನ್ ಕೊಡಬೇಡಿ ಅಂತಾನೂ ಅದರಲ್ಲಿದೆ. ಊರಲ್ಲಿ ಅತ್ತೆ ಅದಕ್ಕೇ ತಿಂಗಳಿಗೆ ಎಷ್ಟೋ ದುಡ್ಡು ಸುರೀತಿದ್ರು.

ಮೈಸೂರು_ಮೆಡಿಕಲ್ಸ್:
ಜೆಲ್ ಬಗ್ಗೆ ಒಂದು ಮಾತು. "ಹಚ್ಚಿದೆ, ಏನೂ ಆಗಲಿಲ್ಲ" ಅನ್ನೋರು ಹಚ್ಚೋದು ಬಟಾಣಿ ಕಾಳಿನಷ್ಟು, ಅದೂ ರಾತ್ರಿ ಒಂದೇ ಸಲ. 1 ಪರ್ಸೆಂಟಿನ ಡೈಕ್ಲೋಫೆನಾಕ್ ಜೆಲ್ ಆದ್ರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ, ಇದು ಪೂರ್ತಿ ಡೋಸ್. 30 ಗ್ರಾಂ ಟ್ಯೂಬು ಎರಡು ದಿನ ಕೂಡ ಬರಲ್ಲ! ಎರಡು ಮಂಡಿಗಾದ್ರೆ ಒಂದೇ ದಿನ. ದುಡ್ಡಿನ ಕಷ್ಟ ಅಲ್ಲೇ ಇರೋದು. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಬೆಲೆ ಕಮ್ಮಿ ಬೀಳುತ್ತೆ. ಕೈಬೆರಳಿನ ಗಿಣ್ಣು, ಮಂಡಿ, ಇವಕ್ಕೆ ಜೆಲ್ ಸರಿ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ಇಳಿಯಲ್ಲ. ನುಂಗೋ ಮಾತ್ರೆಗೆ ಹೋಲಿಸಿದ್ರೆ ರಕ್ತಕ್ಕೆ ಸೇರೋದು ಸುಮಾರು ನೂರಕ್ಕೆ ಆರು ಪಾಲು. ಹಾಗಂತ ಕಿಡ್ನಿ ಆಗಲೇ ಕೆಟ್ಟಿರೋರು ಕೇಳದೆ ಹಚ್ಚಬೇಡಿ.

ಗುಬ್ಬಚ್ಚಿ84:
ಮಾವನಿಗೆ ಸ್ಟೆಂಟ್ ಹಾಕಿದೆ, ದಿನಾ ಆಸ್ಪಿರಿನ್ 75 ತಗೊಳ್ತಾರೆ. ಮಂಡಿ ನೋವಿಗೆ ಐಬುಪ್ರೊಫೆನ್ ಕೊಡಬಹುದಾ?

ಬಿಳಿಕೋಟು_ಸಿಸ್ಟರ್:
ಬೇಡ, ನೀವಾಗೇ ಕೊಡಬೇಡಿ. ಐಬುಪ್ರೊಫೆನ್ ಆಸ್ಪಿರಿನ್ನಿನ ಜಾಗದಲ್ಲಿ ಹೋಗಿ ಕೂತು ಅದರ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಕೆಲಸಕ್ಕೆ ಅಡ್ಡಿ ಮಾಡಬಹುದು. ಎರಡೂ ಸೇರಿದ್ರೆ ಹೊಟ್ಟೇಲಿ ರಕ್ತ ಸೋರೋ ಸಾಧ್ಯತೆಯೂ ಜಾಸ್ತಿ. ಹೃದಯದ ತೊಂದರೆ ಇರೋರಿಗೆ ಈ ಇಡೀ ಗುಂಪಿನ ಮೇಲೇ ಎಚ್ಚರಿಕೆ ಇದೆ. ರೋಫಿಕಾಕ್ಸಿಬ್ ಅಂತ ಒಂದು ಮಾತ್ರೆ ಇತ್ತು, ಹೊಟ್ಟೆಗೆ ಒಳ್ಳೇದು ಅಂತಲೇ ಹೆಸರಾಗಿತ್ತು. ಹೃದಯಾಘಾತ ಜಾಸ್ತಿ ಆಗ್ತಿದೆ ಅಂತ ಗೊತ್ತಾಗಿ 2004ರಲ್ಲಿ ಪ್ರಪಂಚದಾದ್ಯಂತ ವಾಪಸ್ ತಗೊಂಡ್ರು. ಅದೇ ಕುಟುಂಬದ ಎಟೋರಿಕಾಕ್ಸಿಬ್ ಇವತ್ತೂ ನಮ್ಮಲ್ಲಿ ಸಲೀಸಾಗಿ ಸಿಗುತ್ತೆ. ಬಿಪಿ ಹಿಡಿತದಲ್ಲಿ ಇಲ್ಲದವರು ಅದನ್ನ ತಗೊಳ್ಳಲೇಬಾರದು.

ಗಿಣ್ಣುನೋವು:
ಒಂದು ತಿದ್ದುಪಡಿ. ಎಲ್ಲರೂ ಸವೆತದ ಬಗ್ಗೆಯೇ ಮಾತಾಡ್ತಿದ್ದೀರ. ನನಗಿರೋದು ರುಮಟಾಯ್ಡ್, ಅಂದ್ರೆ ಮೈಯ ರೋಗನಿರೋಧಕ ಶಕ್ತಿಯೇ ತಿರುಗಿ ಕೀಲಿನ ಮೇಲೆ ಬೀಳೋ ಸಂಧಿವಾತ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಬರಲ್ಲ, ಗಂಟೆಗಟ್ಟಲೆ ಬಿಗಿತ. ಇದಕ್ಕೆ ಪೇಯ್ನ್ ಕಿಲ್ಲರ್ ನೋವು ಇಳಿಸುತ್ತೆ, ಕೀಲು ಹಾಳಾಗೋದನ್ನ ನಿಲ್ಲಿಸಲ್ಲ. ನೋವಿಲ್ಲ ಅಂತ ನಾವು ಖುಷಿಯಾಗಿದ್ರೆ ಒಳಗೆ ಮೂಳೆ ಕೊರೀತಾ ಇರುತ್ತೆ. ನಿಜವಾದ ಔಷಧಿ ಮೆಥೋಟ್ರೆಕ್ಸೇಟ್ ಥರದ್ದು. ಅದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿ ಜೀವಕ್ಕೇ ಕುತ್ತು ಬಂದವರಿದ್ದಾರೆ, ಹಾಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೆಥೋಟ್ರೆಕ್ಸೇಟ್ ಜೊತೆ ನೋವಿನ ಮಾತ್ರೆ ಬೇಕಾದ್ರೂ ಅದೇ ಡಾಕ್ಟರನ್ನ ಕೇಳಿ, ಎರಡೂ ಕಿಡ್ನಿ ದಾರೀಲೇ ಹೊರಗೆ ಹೋಗೋದು.

ಸಪ್ತಾಪುರದ_ಮಂದಿ:
ಚಿಕೂನ್‌ಗುನ್ಯಾ ಮರೀಬ್ಯಾಡ್ರಿ. 2006ರಾಗ ನಮ್ಮ ಕಡೆ ಮನಿ ಮಂದಿ ಎಲ್ಲಾ ಕುಂಟಿಕೋತ ಅಡ್ಡಾಡ್ತಿದ್ರು. ಜ್ವರ ಹೋಗಿ ತಿಂಗಳಾದ್ರೂ ಕೀಲ ನೋವು ಹೋಗಲಿಲ್ಲ. ಗುಳಿಗಿ ಅಂಗಡಿಯವರಿಗೆ ದೀಪಾವಳಿ.

ಬಿಳಿಕೋಟು_ಸಿಸ್ಟರ್:
ಒಳ್ಳೇ ನೆನಪು ಮಾಡಿದ್ರಿ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಅಂದ್ರೆ ಡೆಂಗಿ ಅಲ್ಲ ಅಂತ ಗೊತ್ತಾಗೋವರೆಗೂ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತೆ, ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೊಟ್ರೆ ರಕ್ತಸ್ರಾವ ಆಗಬಹುದು.

ತೆಂಗಿನತೋಟ:
ಅಪ್ಡೇಟ್. ಶನಿವಾರ ಅಮ್ಮನ್ನ ತುಮಕೂರಿಗೆ ಕರ್ಕೊಂಡು ಹೋಗಿ ಫಿಸಿಷಿಯನ್‌ಗೆ ತೋರಿಸಿದೆ. ಎಲ್ಲ ಸ್ಟ್ರಿಪ್ಪೂ ಕವರಿನಲ್ಲಿ ಹಾಕ್ಕೊಂಡು ಹೋಗಿದ್ದಕ್ಕೆ ಮೆಡಿಕಲ್ಸ್ ಸಾರ್‌ಗೆ ಥ್ಯಾಂಕ್ಸ್. ಟೇಬಲ್ ಮೇಲೆ ಸುರಿದಾಗ ಎರಡು ಬೇರೆ ಬೇರೆ ಹೆಸರಿನ ಸ್ಟ್ರಿಪ್, ಎರಡರೊಳಗೂ ಅಸಿಕ್ಲೋಫೆನಾಕೇ! ಒಂದು "ಮಂಡಿಗೆ", ಇನ್ನೊಂದು ಪಕ್ಕದ ಮನೆಯವರು ಕೊಟ್ಟಿದ್ದು, "ಸೊಂಟಕ್ಕೆ" ಅಂತೆ. ತಲೆನೋವು ಬಂದ್ರೆ ಮೇಲೊಂದು ಪ್ಯಾರಸಿಟಮಾಲ್ 650.

ಕ್ರಿಯಾಟಿನೈನ್ 1.5. ಇಸಿಜಿ, ಎಕೋ ಸರಿ ಇದೆ. ನೋವಿನ ಮಾತ್ರೆ ಪೂರ್ತಿ ಬಂದ್, ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಅಲ್ಲೀವರೆಗೂ ಪ್ಯಾರಸಿಟಮಾಲ್ ಮಾತ್ರ, ಅದಕ್ಕೂ ಗಡಿ ಹಾಕಿದ್ದಾರೆ. ಜೆಲ್ ಬಗ್ಗೆ ರಿಪೋರ್ಟ್ ನೋಡಿ ಹೇಳ್ತಾರಂತೆ. ಅಮ್ಮ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ "ನಿಮ್ಮ ಡಾಕ್ಟರು ಬಂದು ತೋಟಕ್ಕೆ ನೀರು ಹಾಯಿಸ್ತಾರಾ ಕೇಳು" ಅಂದ್ರು.

ಬಿಸಿಬೇಳೆ:
ಅಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ.

ಗುಡುಗು_ಮಳೆ:
ಎರಡು ಹೆಸರು, ಒಂದೇ ಔಷಧಿ. ಬ್ರ್ಯಾಂಡ್ ಹೆಸರು ದೊಡ್ಡದಾಗಿ, ಒಳಗಿರೋದರ ಹೆಸರು ಇರುವೆ ಕಾಲಿನಷ್ಟು ಸಣ್ಣಗೆ ಅಚ್ಚು ಹಾಕಿದ್ರೆ ಹಳ್ಳಿ ಹೆಂಗಸರಿಗೆ ಹೇಗೆ ಗೊತ್ತಾಗಬೇಕು? ಕನ್ನಡದಲ್ಲಂತೂ ಕೇಳೋದೇ ಬೇಡ.

ಮೈಸೂರು_ಮೆಡಿಕಲ್ಸ್:
ಇದೊಂದು ವಿಷಯದಲ್ಲಿ ನಾನೂ ನೀವೂ ಒಂದೇ ಕಡೆ.

ಲೀಡ್ಸ್_ಕನ್ನಡಿತಿ:
ಅತ್ತೆಗೆ ಕೊಟ್ಟ ವ್ಯಾಯಾಮ ಹೇಳ್ತೀನಿ, ಅಮ್ಮನಿಗೆ ಉಪಯೋಗ ಆಗಬಹುದು. ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನ ಕೆಳಕ್ಕೆ ಒತ್ತಬೇಕು. ಐದು ಎಣಿಸಿ ಬಿಡಬೇಕು. ಹತ್ತು ಸಲ, ಬೆಳಿಗ್ಗೆ ಸಂಜೆ. ಇನ್ನೊಂದು, ಕುರ್ಚಿ ಮೇಲೆ ಕೂತು ಒಂದೊಂದೇ ಕಾಲನ್ನ ನೇರ ಮಾಡಿ ಹಿಡಿಯೋದು. ಮೊದಲ ವಾರ ಅತ್ತೆ ಬೈದ್ರು. ಎರಡು ತಿಂಗಳಿಗೆ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯೋದು ಬಿಟ್ರು.

ಹಾಸನದ_ಆಲೂ:
ತೂಕಾನೂ ನೋಡಿ. ಒಂದು ಕೆಜಿ ಇಳಿದ್ರೆ ಹೆಜ್ಜೆ ಹೆಜ್ಜೆಗೂ ಮಂಡಿ ಮೇಲೆ ನಾಲ್ಕು ಕೆಜಿಯಷ್ಟು ಭಾರ ಕಮ್ಮಿ ಆಗುತ್ತಂತೆ. ಸಾಧ್ಯ ಆದ್ರೆ ಕಮೋಡ್ ಹಾಕಿಸಿ, ಕುಕ್ಕರಗಾಲಲ್ಲಿ ಕೂತು ಏಳೋದೇ ಮಂಡಿಗೆ ದೊಡ್ಡ ಹಿಂಸೆ.

ತೆಂಗಿನತೋಟ:
ಅಮ್ಮನ ತೂಕ 48. ಅದರಲ್ಲಿ ಇಳಿಸೋಕೆ ಏನೂ ಇಲ್ಲ 🙂 ಕಮೋಡ್ ಮಾತ್ರ ಈ ತಿಂಗಳೇ. ತೋಟಕ್ಕೆ ಹನಿ ನೀರಾವರಿ ಹಾಕಿಸೋಣ ಅಂತ ತಮ್ಮನ ಹತ್ತಿರ ಮಾತಾಡಿದ್ದೀನಿ.

ಕುಂಬಳಕಾಯಿ:
48 ಕೆಜಿ ಅಂದ್ರೆ ಪ್ಯಾರಸಿಟಮಾಲ್ ಕೂಡ ದಿನಕ್ಕೆ 4 ಗ್ರಾಂ ಗಡಿ ತನಕ ಹೋಗೋ ಹಾಗಿಲ್ಲ ಅಲ್ವಾ?

ಬಿಳಿಕೋಟು_ಸಿಸ್ಟರ್:
ಹೌದು, 4 ಗ್ರಾಂ ಅನ್ನೋದು ಗಟ್ಟಿಮುಟ್ಟಾದ ದೊಡ್ಡವರಿಗೆ ಮೇಲಿನ ಗಡಿ. 50 ಕೆಜಿಗಿಂತ ಕಮ್ಮಿ ಇರೋರಿಗೆ, ವಯಸ್ಸಾದವರಿಗೆ ಇನ್ನೂ ಇಳಿಸ್ತಾರೆ. ಡಾಕ್ಟರು ಹಾಕಿರೋ ಗಡಿ ಅದಕ್ಕೇ. ನೆಗಡಿ ಮಾತ್ರೆಯೊಳಗೂ ಪ್ಯಾರಸಿಟಮಾಲ್ ಇರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.

ಗುಬ್ಬಚ್ಚಿ84:
ಕೊನೇದಾಗಿ ಒಂದು ಸಣ್ಣ ಪ್ರಶ್ನೆ. ಜೆಲ್ ಹಚ್ಚಿ ಅದರ ಮೇಲೆ ಬಿಸಿನೀರಿನ ಚೀಲ ಇಡಬಹುದಾ? ಅತ್ತೆ ಹಾಗೇ ಮಾಡ್ತಾರೆ.

ಮೈಸೂರು_ಮೆಡಿಕಲ್ಸ್:
ಬೇಡ. ಬಿಸಿ ಇಟ್ರೂ, ಬಟ್ಟೆ ಬಿಗಿಯಾಗಿ ಕಟ್ಟಿದ್ರೂ ಔಷಧಿ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಹೋಗುತ್ತೆ, ಚರ್ಮವೂ ಸುಡುತ್ತೆ. ಶಾಖ ಒಂದು ಹೊತ್ತು, ಜೆಲ್ ಇನ್ನೊಂದು ಹೊತ್ತು. ಹಚ್ಚಿದ ಕೈಯನ್ನ ಸೋಪು ಹಾಕಿ ತೊಳೆದು ಆಮೇಲೆ ಚಪಾತಿ ಹಿಟ್ಟು ಮುಟ್ಟೋಕೆ ಹೇಳಿ.